ಬೆಂಕಿಗೆ ಮುಂಚಿನ ಐದು ನಿಮಿಷ

2023ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಜೆ.ಪಿ. ನಗರದ ದಾಲ್ಮಿಯಾ ವೃತ್ತದ ಬಳಿ ವಿದ್ಯುತ್ ಕಾರೊಂದು ನಡುರಸ್ತೆಯಲ್ಲಿ ಧಗಧಗ ಉರಿಯಿತು. ಆ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹಾರಿ ನಾಡೆಲ್ಲ ಸುತ್ತಿತು. ಜ್ವಾಲೆಯನ್ನು ಎಲ್ಲರೂ ಕಂಡರು. ಆ ಜ್ವಾಲೆಯಲ್ಲಿ ಯಾರಿಗೂ ಗಾಯವಾಗಲಿಲ್ಲ ಎಂಬ ಸುದ್ದಿ ಮಾತ್ರ ಅಷ್ಟು ದೂರ ಹೋಗಲಿಲ್ಲ. ಕಾರು ಸುಟ್ಟು ಕರಕಲಾಯಿತು, ಜೀವ ಉಳಿಯಿತು. ಬ್ಯಾಟರಿ ಬೆಂಕಿಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇರುವುದು ಅಲ್ಲೇ: ಹೊತ್ತಿಕೊಳ್ಳುವ ಮುನ್ನ ಒಳಗಿದ್ದವರು ಹೊರಗೆ ಬರಬೇಕು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಈ ಮಾತು ಮಹಾನಗರಕ್ಕಿಂತ ಹೆಚ್ಚು ಅನ್ವಯಿಸುತ್ತದೆ. ಅಲ್ಲಿನ ರಸ್ತೆಗಳಲ್ಲೂ ವಿದ್ಯುತ್ ವಾಹನಗಳ ಹಸಿರು ನಂಬರ್ ಪ್ಲೇಟು ಕಾಣಿಸತೊಡಗಿದೆ. ಬೆಂಗಳೂರು–ದಾವಣಗೆರೆ ಮಾರ್ಗದಲ್ಲಿ ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ವಿದ್ಯುತ್ ಬಸ್ಸುಗಳು 2023ರಲ್ಲೇ ಓಡಾಟ ಶುರುಮಾಡಿದವು. ಆದರೆ ಸೂಳೆಕೆರೆ ಪಕ್ಕದ ದಾರಿಯಲ್ಲೋ ರಂಗಯ್ಯನದುರ್ಗದ ಕುರುಚಲು ಕಾಡಿನ ಅಂಚಿನಲ್ಲೋ ಕಾರಿನಿಂದ ಹೊಗೆ ಎದ್ದರೆ, ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಹತ್ತಾರು ಕಿಲೊಮೀಟರ್ ಬರಬೇಕು. ಅಷ್ಟರೊಳಗೆ ಆಗುವುದೆಲ್ಲ ಒಳಗಿರುವವರ ಕೈಯಲ್ಲಿದೆ, ಇಲ್ಲವೇ ಪಕ್ಕದ ಹೊಲದಿಂದ ಓಡಿ ಬರುವವರ ಕೈಯಲ್ಲಿದೆ.

ಹೆದರಿಕೆ ಎಷ್ಟಿರಬೇಕು?

ವಿದ್ಯುತ್ ಕಾರೆಂದರೆ ಬೆಂಕಿಯ ಉಂಡೆ ಎಂಬ ಭಯಕ್ಕೆ ಲೆಕ್ಕಗಳು ಸಾಕ್ಷಿ ಹೇಳುವುದಿಲ್ಲ. ಸ್ವೀಡನ್ನಿನ ನಾಗರಿಕ ರಕ್ಷಣಾ ಇಲಾಖೆ 2022ರ ಸಾಲಿಗೆ ಹಾಕಿದ ಲೆಕ್ಕದಲ್ಲಿ, ಸುಮಾರು 6 ಲಕ್ಷ ವಿದ್ಯುತ್ ಮತ್ತು ಪ್ಲಗ್-ಇನ್ ಹೈಬ್ರಿಡ್ ಕಾರುಗಳ ಪೈಕಿ ಬೆಂಕಿ ಕಂಡವು 25ನ್ನೂ ಮುಟ್ಟಲಿಲ್ಲ. ಸುಮಾರು 44 ಲಕ್ಷ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಸುಮಾರು 3,400 ಹೊತ್ತಿ ಉರಿದವು.

ನಮ್ಮ ಸುತ್ತಮುತ್ತಲ ದೊಡ್ಡ ದುರಂತಗಳೂ ಡೀಸೆಲ್ ವಾಹನಗಳವೇ. 2013ರ ನವೆಂಬರ್ 14ರ ನಸುಕಿನಲ್ಲಿ ಹಾವೇರಿಯ ಕುಣಿಮೆಳ್ಳಿಹಳ್ಳಿ ಬಳಿ ಬೆಂಗಳೂರು–ಮುಂಬೈ ಖಾಸಗಿ ಬಸ್ಸು ಉರಿದು ಏಳು ಮಂದಿ ಬೆಂದುಹೋದರು. 2020ರ ಆಗಸ್ಟ್ 12ರಂದು ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ಹಿರಿಯೂರು ತಾಲ್ಲೂಕಿನ ಕೆ.ಆರ್. ಹಳ್ಳಿ ಬಳಿ ಹೊತ್ತಿಕೊಂಡಾಗ ಮಕ್ಕಳೂ ಸೇರಿ ಐವರು ಒಳಗೇ ಸತ್ತರು. ಬೆಂಕಿ ಎಂಜಿನ್ನಿನಿಂದ ಬರಲಿ, ಬ್ಯಾಟರಿಯಿಂದ ಬರಲಿ, ಸಾವು ಬದುಕನ್ನು ತೀರ್ಮಾನಿಸಿದ್ದು ಬಾಗಿಲಿಗೂ ಮನುಷ್ಯನಿಗೂ ನಡುವಿನ ಕೆಲವೇ ಹೆಜ್ಜೆ.

ಹಾಗಾದರೆ ವಿದ್ಯುತ್ ಕಾರಿನ ಬಗ್ಗೆ ಬೇರೆಯಾಗಿ ಯೋಚಿಸುವುದೇಕೆ? ಅದರ ಬೆಂಕಿ ಅಪರೂಪ, ಆದರೆ ಅದರ ಸ್ವಭಾವವೇ ಬೇರೆ.

ನೆಲದಡಿಯ ಒಲೆ

ಕಾರಿನ ಬ್ಯಾಟರಿ ಎಂದರೆ ನೂರಾರು, ಕೆಲವೊಮ್ಮೆ ಸಾವಿರಾರು ಚಿಕ್ಕ ಸೆಲ್‌ಗಳ ಒಟ್ಟಿಲು. ಈ ಪ್ಯಾಕು ಕೂರುವುದು ಬಹುತೇಕ ಕಾರುಗಳಲ್ಲಿ ಪ್ರಯಾಣಿಕರ ಕಾಲ ಕೆಳಗೆ. ಒಂದು ಸೆಲ್‌ನೊಳಗೆ ತಯಾರಿಕೆಯ ದೋಷದಿಂದಲೋ, ಕಲ್ಲಿನ ಹೊಡೆತದಿಂದಲೋ ಶಾರ್ಟ್ ಸರ್ಕಿಟ್ ಆದರೆ ಶಾಖ ಏರತೊಡಗುತ್ತದೆ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಳಗಿನ ರಕ್ಷಣಾ ಪದರ ಒಡೆದು ಹಾಳಾಗುತ್ತದೆ. 130ರ ಹೊತ್ತಿಗೆ ಎರಡು ಧ್ರುವಗಳನ್ನು ಬೇರೆಯಾಗಿಟ್ಟ ತೆಳು ಪ್ಲಾಸ್ಟಿಕ್ ಹಾಳೆ ಕರಗುತ್ತದೆ. ಅಲ್ಲಿಂದ ಮುಂದೆ ಸೆಲ್ ತನ್ನ ಶಾಖವನ್ನು ತಾನೇ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ. ಇದಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಥರ್ಮಲ್ ರನ್‌ಅವೇ. ಕಣ್ಣಿ ಹರಿದುಕೊಂಡ ಶಾಖ ಎನ್ನೋಣ. ಒಂದು ಸೆಲ್ ಪಕ್ಕದ್ದನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು.

ಭಾರತದ ಹಲವು ಕಾರುಗಳಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಈ ಹಂತ ಮುಟ್ಟಲು ನಿಕ್ಕಲ್ ಆಧಾರಿತ ಬ್ಯಾಟರಿಗಿಂತ ಹೆಚ್ಚು ಶಾಖ ಬೇಕು. ಆದರೆ ಯಾವ ಬಗೆಯದಾದರೂ ಅನಿಲ ಉಗುಳದೆ ಬಿಡುವುದಿಲ್ಲ: ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಉಸಿರಿನ ನಾಳವನ್ನೇ ಸುಡುವ ಹೈಡ್ರೋಜನ್ ಫ್ಲೋರೈಡ್. ಜ್ವಾಲೆ ಕಾಣುವ ಮೊದಲೇ ಕಾರಿನಡಿಯಿಂದ ಬಿಳಿ ಮೋಡದಂತೆ ಏಳುವುದು ಇದೇ. ರೇಡಿಯೇಟರಿನ ಹಬೆ ಇರಬೇಕೆಂದು ಬಗ್ಗಿ ನೋಡಲು ಹೋಗುವುದು ಅತ್ಯಂತ ಅಪಾಯದ ಕೆಲಸ. ಆ ಅನಿಲಕ್ಕೆ ಕಿಡಿ ತಾಗಿದರೆ ಬೆಂಕಿ ಪಿಚಕಾರಿಯಂತೆ ಪಕ್ಕಕ್ಕೆ ಚಿಮ್ಮುತ್ತದೆ. ಪಕ್ಕ ಎಂದರೆ, ಮನುಷ್ಯ ಕಾಲಿಟ್ಟು ಇಳಿಯುವ ಜಾಗ.

ಆದ್ದರಿಂದಲೇ ಇಂದಿನ ವಿನ್ಯಾಸಕಾರರು ಬೆಂಕಿ ತಡೆಯುವ ಉಪಾಯದ ಜೊತೆಗೆ ಇಳಿಯುವ ದಾರಿಯನ್ನು ಕಾಯುವ ಉಪಾಯವನ್ನೂ ಹುಡುಕುತ್ತಿದ್ದಾರೆ. ಸೆಲ್‌ಗಳ ನಡುವೆ ಏರೋಜೆಲ್‌ನಂಥ ಶಾಖನಿರೋಧಕ ಪದರ, ಪ್ಯಾಕಿನ ಮುಚ್ಚಳಕ್ಕೂ ಕಾರಿನ ನೆಲಕ್ಕೂ ನಡುವೆ ಅಭ್ರಕದ ಹಾಳೆ, ಅನಿಲವನ್ನು ಬಾಗಿಲ ಬಳಿ ಬಿಡದೆ ಬೇರೆ ದಿಕ್ಕಿಗೆ ಒಯ್ಯುವ ಕವಾಟ, ಅಪಘಾತವಾದ ಕೂಡಲೇ ಹೆಚ್ಚು ವೋಲ್ಟೇಜಿನ ವಿದ್ಯುತ್ತನ್ನು ಕತ್ತರಿಸುವ ಸ್ಫೋಟಕ ಫ್ಯೂಸು. ಎಲ್ಲದರ ಗುರಿ ಒಂದೇ, ಸಮಯ ಗಳಿಸುವುದು.

ಕಾನೂನು ಕೊಟ್ಟ ಸಮಯ

ಎಷ್ಟು ಸಮಯ? 2018ರಲ್ಲಿ ವಿಶ್ವಸಂಸ್ಥೆಯ ವೇದಿಕೆಯಲ್ಲಿ ಒಪ್ಪಿಗೆಯಾದ ಜಾಗತಿಕ ತಾಂತ್ರಿಕ ನಿಯಮ ಸಂಖ್ಯೆ 20 ಒಂದು ಅಂಕಿಯನ್ನು ನೆಟ್ಟಿತು: ಒಂದು ಸೆಲ್‌ನಲ್ಲಿ ಹುಟ್ಟಿದ ಶಾಖ ಹರಡಿ ಪ್ರಯಾಣಿಕರ ಜಾಗಕ್ಕೆ ಅಪಾಯ ಒದಗುವ ಕನಿಷ್ಠ ಐದು ನಿಮಿಷ ಮೊದಲು ವಾಹನ ಎಚ್ಚರಿಕೆ ಕೊಡಬೇಕು. ಚೀನಾ 2020ರಲ್ಲಿ ಅದನ್ನು ತನ್ನ ಮಾನದಂಡಕ್ಕೆ ಸೇರಿಸಿತು. 2026ರ ಜುಲೈ 1ರಿಂದ ಅಲ್ಲಿನ ಹೊಸ ಮಾದರಿಗಳ ಬ್ಯಾಟರಿ ಬೆಂಕಿಯನ್ನೇ ಹಿಡಿಯಬಾರದು, ಸ್ಫೋಟಿಸಲೂಬಾರದು ಎಂದು ಇನ್ನಷ್ಟು ಬಿಗಿಮಾಡಿತು.

ಭಾರತದಲ್ಲಿ 2022ರ ಬೇಸಿಗೆಯಲ್ಲಿ ವಿದ್ಯುತ್ ಸ್ಕೂಟರುಗಳು ಒಂದರ ಹಿಂದೊಂದು ಉರಿದ ಮೇಲೆ ಕೇಂದ್ರ ಸಾರಿಗೆ ಸಚಿವಾಲಯ ನಿಯಮಗಳನ್ನು ಪರಿಷ್ಕರಿಸಿತು. ದ್ವಿಚಕ್ರ, ತ್ರಿಚಕ್ರಗಳಿಗೆ ಎಐಎಸ್-156 ಎಂಬ ಮಾನದಂಡ, ಕಾರು, ಬಸ್ಸು, ಲಾರಿಗಳಿಗೆ ಎಐಎಸ್-038. 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತದಲ್ಲಿ ಜಾರಿಗೆ ಬಂದ ಈ ಬದಲಾವಣೆಗಳಲ್ಲಿ, ಬ್ಯಾಟರಿಯ ಶಾಖ ಹದ್ದುಮೀರಿದರೆ ಕಣ್ಣಿಗೂ ಕಿವಿಗೂ ಗೊತ್ತಾಗುವಂತೆ ಎಚ್ಚರಿಸಬೇಕೆಂಬುದೂ ಸೇರಿದೆ.

ಈ ಐದು ನಿಮಿಷಕ್ಕೆ ಒಂದು ಮಿತಿಯಿದೆ. ಸೆಲ್‌ನೊಳಗೆ ತಾನಾಗಿ ಹುಟ್ಟಿದ ಶಾಖಕ್ಕೆ ಅದು ಸಲ್ಲುತ್ತದೆ. ಭಾರೀ ಅಪಘಾತದಲ್ಲಿ ಪ್ಯಾಕೇ ಜಜ್ಜಿಹೋದರೆ ಆ ಗಡುವಿನ ಭರವಸೆ ಇಲ್ಲ. ಇನ್ನೂ ಒಂದು ಮಾತಿದೆ. ಐದು ನಿಮಿಷ ಸಿಕ್ಕರೂ ಬಾಗಿಲು ತೆರೆಯಬೇಕು.

ತೆರೆಯದ ಬಾಗಿಲು

2024ರ ಅಕ್ಟೋಬರ್‌ನಲ್ಲಿ ಕೆನಡಾದ ಟೊರಾಂಟೊದಲ್ಲಿ ವಿದ್ಯುತ್ ಕಾರೊಂದು ಕಂಬಕ್ಕೆ ಬಡಿದು ಉರಿಯಿತು. ಐವರಲ್ಲಿ ನಾಲ್ವರು ಸತ್ತರು. ಬದುಕಿದ ಒಬ್ಬ ಯುವತಿಯನ್ನು ಎಳೆದು ತಂದದ್ದು ಆ ದಾರಿಯಲ್ಲಿ ಹೋಗುತ್ತಿದ್ದ ಅಂಚೆ ಸಂಸ್ಥೆಯ ನೌಕರ, ಕಬ್ಬಿಣದ ಸಲಾಕೆಯಿಂದ ಗಾಜು ಒಡೆದು. 2025ರ ಮಾರ್ಚ್ 29ರಂದು ಚೀನಾದ ಆನ್‌ಹುಯಿ ಪ್ರಾಂತ್ಯದ ಹೆದ್ದಾರಿಯಲ್ಲಿ ಮೂವರು ವಿದ್ಯಾರ್ಥಿನಿಯರು ಇಂಥದೇ ಬೆಂಕಿಯಲ್ಲಿ ಜೀವ ಕಳೆದುಕೊಂಡಾಗ, ಬಾಗಿಲು ತೆರೆಯಿತೇ ಇಲ್ಲವೇ ಎಂಬ ಪ್ರಶ್ನೆ ದೇಶವನ್ನೇ ಕಲಕಿತು.

ಮರ್ಮ ಇರುವುದು ಹಿಡಿಕೆಯಲ್ಲಿ. ಹಳೆಯ ಕಾರಿನಲ್ಲಿ ಹಿಡಿಕೆ ಎಳೆದರೆ ತಂತಿಯೊಂದು ಚಿಲಕವನ್ನು ಜಗ್ಗುತ್ತದೆ. ಹೊಸ ಕೆಲವು ಕಾರುಗಳಲ್ಲಿ ಗುಂಡಿ ಒತ್ತಿದರೆ ಪುಟ್ಟ ಮೋಟಾರು ಆ ಕೆಲಸ ಮಾಡುತ್ತದೆ, ಅದಕ್ಕೆ ವಿದ್ಯುತ್ ಕೊಡುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ. ಅಪಘಾತದಲ್ಲಿ ಅದು ಸತ್ತರೆ ಗುಂಡಿಗೆ ಜೀವವಿಲ್ಲ. ಕೈಯಿಂದ ಎಳೆಯುವ ತುರ್ತು ಹಿಡಿಕೆ ಇದ್ದರೂ, ಹಿಂದಿನ ಸೀಟಿನವರಿಗೆ ಅದು ಬಾಗಿಲ ಗೂಡಿನ ಮ್ಯಾಟಿನಡಿ ಅವಿತಿರುವುದುಂಟು. ಹೊಗೆ ತುಂಬಿದ ಕತ್ತಲಲ್ಲಿ ಅದನ್ನು ಹುಡುಕುವುದೆಲ್ಲಿ! ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಮಾದರಿಯ ಸುಮಾರು 1.74 ಲಕ್ಷ ಕಾರುಗಳ ಬಾಗಿಲ ಹಿಡಿಕೆಯ ಬಗ್ಗೆ ತನಿಖೆ ಆರಂಭಿಸಿತು. ಚೀನಾ ಇನ್ನೂ ಮುಂದೆ ಹೋಗಿ, 2027ರ ಜನವರಿ 1ರಿಂದ ಪ್ರತಿ ಬಾಗಿಲಿಗೂ ಒಳಗೂ ಹೊರಗೂ ಕೈಯಿಂದ ತೆರೆಯುವ ವ್ಯವಸ್ಥೆ ಇರಲೇಬೇಕೆಂದು ನಿಯಮ ಮಾಡಿದೆ. ಇಂಥ ನಿಯಮ ನಮಗೂ ಬೇಕು, ದುರಂತಕ್ಕೆ ಕಾಯದೆ ಬೇಕು.

ಹೊಲದ ಬದುವಿನಿಂದ ಬರುವ ಕೈ

ಟೊರಾಂಟೊದ ಆ ಸಲಾಕೆಯ ಕಥೆ ನ್ಯಾಮತಿಯ ರೈತನಿಗೆ ದೂರದ್ದಲ್ಲ. ಹೊಲದಲ್ಲಿ ಹಾರೆ, ಗುದ್ದಲಿ, ಕೊಡಲಿ ಇದ್ದೇ ಇರುತ್ತವೆ. ಎಲ್ಲಿ ಹೊಡೆಯಬೇಕೆಂದು ಗೊತ್ತಿದ್ದರೆ ಸಾಕು. ಮುಂದಿನ ಗಾಜು ಎರಡು ಪದರದ್ದು, ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ. ಪಕ್ಕದ ಗಾಜಿನ ಮೂಲೆಗೆ ಚೂಪಾದ ತುದಿಯಿಂದ ಏಟು ಬಿದ್ದರೆ ಅದು ಕಾಳು ಕಾಳಾಗಿ ಉದುರುತ್ತದೆ. ಆದರೆ ಈಗೀಗ ಕೆಲವು ಕಾರುಗಳ ಪಕ್ಕದ ಗಾಜೂ ಎರಡು ಪದರದ್ದಾಗುತ್ತಿದೆ. ಅಮೆರಿಕದ ವಾಹನ ಸವಾರರ ಸಂಘ 2019ರಲ್ಲಿ ಗಾಜು ಒಡೆಯುವ ಆರು ಉಪಕರಣಗಳನ್ನು ಪರೀಕ್ಷಿಸಿದಾಗ ಎರಡು ಪದರದ ಗಾಜನ್ನು ಒಂದೂ ಒಡೆಯಲಿಲ್ಲ. ತಮ್ಮ ಕಾರಿನ ಗಾಜು ಯಾವುದೆಂದು ಮಾಲೀಕರು ಮೊದಲೇ ತಿಳಿದಿರಬೇಕು.

ಜಗಳೂರಿನ ಕಡೆ ಸುಗ್ಗಿಯಲ್ಲಿ ಇನ್ನೊಂದು ಅಪಾಯ ರಸ್ತೆಯ ಮೇಲೇ ಹಾಸಿರುತ್ತದೆ. ಹುರುಳಿ, ರಾಗಿ ಒಕ್ಕಣೆಗೆಂದು ಹರಡಿದ ಸೊಪ್ಪೆ ಕಾರಿನಡಿ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ತಾಗಿ ಪೆಟ್ರೋಲ್, ಡೀಸೆಲ್ ಕಾರುಗಳು ಉರಿದಿರುವುದುಂಟು. ವಿದ್ಯುತ್ ಕಾರಿಗೆ ಸೈಲೆನ್ಸರಿಲ್ಲ ನಿಜ. ಆದರೆ ಮುಂದಿನ ವಾಹನದಿಂದ ಹೊತ್ತಿಕೊಂಡ ಹುಲ್ಲಿನ ಮೇಲೆ ನಿಂತರೆ ಬ್ಯಾಟರಿ ನೇರ ಒಲೆಯ ಮೇಲಿದ್ದಂತೆ. ಪ್ಯಾಕುಗಳಿಗೆ ನಡೆಸುವ ಬೆಂಕಿ ಪರೀಕ್ಷೆಯಲ್ಲಿ ಜ್ವಾಲೆಯ ಮೇಲಿಡುವುದು ಎರಡು ನಿಮಿಷದ ಆಸುಪಾಸು ಮಾತ್ರ.

ನೀರಿನ ಮಾತೂ ಇದೆ. ಬ್ಯಾಟರಿ ಬೆಂಕಿಗೆ ನೀರೇ ಮದ್ದು, ಮಣ್ಣು ಮರಳು ಸುರಿದರೆ ಒಳಗಿನ ಶಾಖ ಇಳಿಯುವುದಿಲ್ಲ. ಆದರೆ ಆ ಬೆಂಕಿ ಹೀರುವ ನೀರಿನ ಪ್ರಮಾಣ ದೊಡ್ಡದು. 2024ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಉರಿದ ವಿದ್ಯುತ್ ಲಾರಿಗೆ ಸುರಿದದ್ದು ಸುಮಾರು 1.9 ಲಕ್ಷ ಲೀಟರ್. ನಮ್ಮ ಸಾಮಾನ್ಯ ಅಗ್ನಿಶಾಮಕ ವಾಹನ ಹೊರುವುದು ನಾಲ್ಕೈದು ಸಾವಿರ. ಹೊನ್ನಾಳಿಗೆ ತುಂಗಭದ್ರೆ, ಚನ್ನಗಿರಿಗೆ ಸೂಳೆಕೆರೆಯೂ ಭದ್ರಾ ನಾಲೆಯೂ ಇವೆ. 57 ಕೆರೆ ತುಂಬಿಸಲು ಹರಿಹರದ ಬಳಿಯ ದೀಟೂರಿನಿಂದ ತುಂಗಭದ್ರೆಯ ನೀರನ್ನು ಎತ್ತಿ ತರಬೇಕಾದ ಜಗಳೂರಿನಲ್ಲಿ ಅಷ್ಟು ನೀರನ್ನು ಒಂದು ಕಾರಿಗೆ ಒದಗಿಸುವುದು ಸುಲಭವಲ್ಲ. ಕಾರು ಹೋದರೆ ಹೋಗಲಿ, ಜನ ದೂರ ಸರಿಯಲಿ ಎಂಬುದೇ ಅಲ್ಲಿ ಸರಿಯಾದ ನಿರ್ಧಾರ.

ಹೊನ್ನಾಳಿಯ ಬಾಲರಾಜ್ ಘಾಟ್‌ನಂಥ ತಗ್ಗು ಬಡಾವಣೆಗಳಲ್ಲಿ ನೆರೆಗೆ ಸಿಕ್ಕಿ ಮುಳುಗಿದ ವಿದ್ಯುತ್ ವಾಹನವನ್ನು ತಜ್ಞರು ನೋಡುವವರೆಗೆ ಚಾರ್ಜಿಗೆ ಹಾಕಬಾರದು. ಸುಟ್ಟ ಕಾರು ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಅದನ್ನು ಚನ್ನಗಿರಿಯ ಅಡಿಕೆ ಒಣಗಿಸುವ ಕಣದ ಪಕ್ಕವೋ ಹುಲ್ಲಿನ ಬಣವೆಯ ಪಕ್ಕವೋ ಎಳೆದು ನಿಲ್ಲಿಸಬಾರದು.

ಎಚ್ಚರಿಕೆ ಮೊಳಗಿದಾಗ

ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ಎಚ್ಚರಿಕೆ ಬಂದರೆ, ಕಾಲಡಿಯಲ್ಲಿ ಪಟಪಟ ಸದ್ದೋ ಘಾಟು ವಾಸನೆಯೋ ಬಂದರೆ, ಮನೆ ತಲುಪಿಬಿಡೋಣ ಎಂದುಕೊಳ್ಳಬಾರದು. ರಸ್ತೆಯ ಅಂಚಿಗೆ ತಂದು, ಪಾರ್ಕಿಂಗ್ ಬ್ರೇಕ್ ಹಾಕಿ, ಕಾರನ್ನು ಆಫ್ ಮಾಡಿ ಎಲ್ಲರೂ ಇಳಿಯಬೇಕು. ಬ್ಯಾಗು, ಫೋನಿಗಾಗಿ ತಿರುಗಿ ಹೋಗಬಾರದು. ಗಾಳಿ ಬೀಸಿ ಬರುವ ಕಡೆಗೆ, ಕಡಿಮೆಯೆಂದರೂ ಮೂವತ್ತು ಮೀಟರ್ ನಡೆದು 112ಕ್ಕೆ ಕರೆ ಮಾಡಿ, ಉರಿಯುತ್ತಿರುವುದು ವಿದ್ಯುತ್ ಕಾರೆಂದು ಮೊದಲ ಮಾತಿನಲ್ಲೇ ಹೇಳಬೇಕು. ನೆರವಿಗೆ ಬಂದವರು ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಬಾರದು, ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟು.

ಇವೆಲ್ಲ ಓದಿದಾಗ ನೆನಪಿರುತ್ತವೆ, ಹೊಗೆಯ ನಡುವೆ ಮರೆತುಹೋಗುತ್ತವೆ. ಅದಕ್ಕೇ ಕೈಗೆ ಅಭ್ಯಾಸ ಬೇಕು. ಹೊಸ ಕಾರು ಬಂದ ದಿನ ಊರಿನ ದೇವಸ್ಥಾನದ ಮುಂದೆ ಪೂಜೆ ಮಾಡಿಸಿ, ಗಾಲಿಗೆ ನಿಂಬೆಹಣ್ಣು ಇಡುತ್ತಾರೆ. ಅದೇ ಹೊತ್ತಿನಲ್ಲಿ ಕಾರನ್ನು ಆಫ್ ಮಾಡಿ, ಮನೆಯವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತು, ಒಬ್ಬೊಬ್ಬರೂ ತಮ್ಮ ಬಾಗಿಲನ್ನು ತಾವೇ ತೆರೆದು ಇಳಿದು ನೋಡಲಿ. ಹಿಂದಿನ ಸೀಟಿನ ಅಜ್ಜಿಯ ಕೈಯನ್ನು ಹಿಡಿದು ತುರ್ತು ಹಿಡಿಕೆ ಎಲ್ಲಿದೆ ಎಂದು ಮೊಮ್ಮಗಳು ತೋರಿಸಲಿ. ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನಿಂದ ಆ ಬಾಗಿಲು ತೆರೆಯುವುದಿಲ್ಲ. ಹಾಗಿದ್ದಾಗ ಮಗುವನ್ನು ಇಳಿಸುವವರು ಯಾರು, ಯಾವ ಬಾಗಿಲಿನಿಂದ ಎಂಬುದೂ ಅಲ್ಲೇ, ಕುಂಕುಮ ಆರುವ ಮುನ್ನ ತೀರ್ಮಾನವಾಗಲಿ.