ಓಟದ ನಡುವೆ ಮುಗ್ಗರಿಸುವ ಕ್ಯಾಮೆರಾ

ಕರಾವಳಿಯ ಕಂಬಳದಲ್ಲಿ ಕನೆಹಲಗೆಯ ಸ್ಪರ್ಧೆಗೆ ಬೇರೆಯೇ ಸೊಬಗು. ಕೋಣಗಳು ಎಳೆಯುವ ಹಲಗೆಯ ರಂಧ್ರಗಳಿಂದ ನೀರು ಚಿಮ್ಮಿ, ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಆ ಗಳಿಗೆ ಮತ್ತೆ ಬಾರದು. ಸೆಕೆಂಡಿಗೆ 10 ಚಿತ್ರ ತೆಗೆಯಬಲ್ಲ ಡಿಜಿಟಲ್ ಕ್ಯಾಮೆರಾ ಆಗಲೇ ಎರಡು ಮೂರಕ್ಕೆ ಇಳಿದರೆ, ಛಾಯಾಗ್ರಾಹಕನಿಗೆ ಉಳಿಯುವುದು ಬರಿಯ ಕೆಸರುನೀರು.

ಯಂತ್ರ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮುನ್ನ, ವೇಗ ಯಾವಾಗ ಕುಗ್ಗಿತೆಂಬುದನ್ನು ಗಮನಿಸುವುದು ಲೇಸು. ಮೊದಲ ಚಿತ್ರದಿಂದಲೇ ನಿಧಾನವಾದರೆ ದೋಷ ಹೆಚ್ಚಾಗಿ ಹೊಂದಾಣಿಕೆಯದು. ಕಂಬಳ ಇರುಳಿನಲ್ಲಿಯೂ ಸಾಗುತ್ತದೆ. ಮಂದ ಬೆಳಕಿನಲ್ಲಿ ಯಂತ್ರವು ಷಟರನ್ನು 1/8 ಸೆಕೆಂಡು ತೆರೆದಿಟ್ಟರೆ, ಸೆಕೆಂಡಿಗೆ 10 ಚಿತ್ರ ಲೆಕ್ಕಕ್ಕೇ ನಿಲುಕದು. ಐಎಸ್ಒ ಏರಿಸಿ, ಷಟರನ್ನು 1/500ಕ್ಕೆ ನಿಲ್ಲಿಸಬೇಕು. ಪ್ರತಿ ಚಿತ್ರಕ್ಕೂ ಫೋಕಸ್ ಕೂಡುವವರೆಗೆ ಕಾಯುವ, ದೀಪದ ಮಿನುಗನ್ನು ಸರಿದೂಗಿಸುವ ಏರ್ಪಾಡುಗಳೂ ವೇಗವನ್ನು ಕುಗ್ಗಿಸಬಲ್ಲವು.

ಮೊದಲು ಓಡಿ ಆಮೇಲೆ ಮುಗ್ಗರಿಸಿದರೆ ಕಾರಣ ಬೇರೆ. ಚಿತ್ರಗಳು ಬಫರ್ ಎಂಬ ತಾತ್ಕಾಲಿಕ ಕಣಜವನ್ನು ಸೇರಿ, ಅಲ್ಲಿಂದ ಕಾರ್ಡಿಗೆ ಇಳಿಯುತ್ತವೆ. 25 ಮೆಗಾಬೈಟಿನ 'ರಾ' ಚಿತ್ರಗಳು ಸೆಕೆಂಡಿಗೆ 10 ಬಂದರೆ ಒಟ್ಟು 250 ಮೆಗಾಬೈಟ್. ಯುಎಚ್ಎಸ್-1 ಕಾರ್ಡಿನ ದಾರಿಯ ಮಿತಿಯೋ 104. ಕಣಜ ತುಂಬದೆ ಇನ್ನೇನು? ಜೆಪೆಗ್ ಆರಿಸಿದರೆ ಹೊರೆ ತಗ್ಗುತ್ತದೆ. ಕಾರ್ಡು ಕೊಳ್ಳುವಾಗಲೂ ಓದುವ ವೇಗಕ್ಕೆ ಮರುಳಾಗದೆ ಬರೆಯುವ ವೇಗವನ್ನು ನೋಡಬೇಕು. ವಿ30 ಎಂಬ ಗುರುತು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಭರವಸೆ ಮಾತ್ರ.

ಕೋಣಗಳು ಕರೆಗಿಳಿದಾಗಿನಿಂದ ಗುಂಡಿ ಒತ್ತಿ ಹಿಡಿದವನ ಕಣಜ ನಿಶಾನೆಯ ಹೊತ್ತಿಗೆ ತುಂಬಿರುತ್ತದೆ. ನೀರು ಏಳುವವರೆಗೆ ಬೆರಳನ್ನು ತಡೆದವನಿಗೆ ನಿಶಾನೆ ತೋಯುವ ಚಿತ್ರ ದಕ್ಕುತ್ತದೆ.