ಮೇಯರ್ ನಿಂಬೆ: ತೆಳು ಸಿಪ್ಪೆಯ ಲಾಭ-ನಷ್ಟ

ನಿಂಬೆಹಣ್ಣಿನ ಬೆಲೆಯನ್ನು ಅದರ ರಸ ಮತ್ತು ಹುಳಿಯ ಮೇಲೆ ಕಟ್ಟುವುದು ಕರ್ನಾಟಕದ ಮಾರುಕಟ್ಟೆಗಳ ವಾಡಿಕೆ. ವಿಜಯಪುರ ಜಿಲ್ಲೆಯ ಇಂಡಿ ನಿಂಬೆಯನ್ನು ಬಲ್ಲ ವರ್ತಕರಿಗೆ ಹುಳಿ ಕಡಿಮೆಯಿರುವ ನಿಂಬೆಯೂ ಹೆಚ್ಚಿನ ಬೆಲೆಗೆ ಮಾರಾಟವಾದೀತೆಂದರೆ ನಂಬಿಕೆ ಬಾರದು. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೇಯರ್ ನಿಂಬೆ ಎಂಬ ಮಿಶ್ರತಳಿ ಇಂಥದೊಂದು ಸ್ಥಾನವನ್ನು ಗಳಿಸಿಕೊಂಡಿದೆ. ಈಚೆಗೆ ಭಾರತದ ಕೆಲವು ನರ್ಸರಿಗಳಲ್ಲಿಯೂ ಈ ಹೆಸರಿನ ಸಸಿಗಳು ಮಾರಾಟಕ್ಕೆ ಬರುತ್ತಿರುವುದರಿಂದ, ಉದ್ದಿಮೆದಾರರು ಇದರ ಗುಣದೋಷಗಳೆರಡನ್ನೂ ಅರಿತಿರುವುದು ಒಳಿತು.

ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಪರವಾಗಿ ಸಸ್ಯಗಳನ್ನು ಅರಸುತ್ತ ಚೀನಾದಲ್ಲಿ ಸಂಚರಿಸುತ್ತಿದ್ದ ಫ್ರಾಂಕ್ ಮೇಯರ್ ಎಂಬಾತ 1908ರಲ್ಲಿ ಬೀಜಿಂಗ್ ಸಮೀಪದಿಂದ ಈ ಗಿಡವನ್ನು ತನ್ನ ದೇಶಕ್ಕೆ ಕಳುಹಿಸಿದನು. ಚೀನಾದಲ್ಲಿ ಇದನ್ನು ಕುಂಡಗಳಲ್ಲಿ ಅಲಂಕಾರಕ್ಕಾಗಿ ಬೆಳೆಸುತ್ತಿದ್ದರು. ಮಾದಲದ ತಳಿಗೆ ಕಿತ್ತಳೆ ಹಾಗೂ ಚಕ್ಕೋತಗಳ ಮಿಶ್ರತಳಿ ಕೂಡಿ ಇದು ಹುಟ್ಟಿರುವುದಾಗಿ ವಂಶವಾಹಿಗಳ ಅಧ್ಯಯನದಿಂದ ತಿಳಿದುಬಂದಿದೆ. ಹಣ್ಣು ದುಂಡಗಿದ್ದು, ಪಕ್ವವಾದಾಗ ಕಿತ್ತಳೆಯ ಛಾಯೆಯುಳ್ಳ ಹಳದಿ ಬಣ್ಣಕ್ಕೆ ತಿರುಗುತ್ತದೆ. 'ಸಿಹಿ ನಿಂಬೆ' ಎಂದು ಕರೆದರೂ ಇದು ಮೋಸಂಬಿಯಂತೆ ಸುಲಿದು ತಿನ್ನುವ ಹಣ್ಣಲ್ಲ. ಹುಳಿಯ ತೀಕ್ಷ್ಣತೆ ಇಳಿದು, ಹೂವಿನಂಥ ಪರಿಮಳ ಮುಂದಾಗಿರುವ ನಿಂಬೆ, ಅಷ್ಟೆ.

ಇದರ ವ್ಯಾಪಾರದ ಗತಿಯನ್ನು ನಿರ್ಧರಿಸಿದ್ದು ಸಿಪ್ಪೆ. ಸಿಪ್ಪೆ ಅತಿ ತೆಳುವಾದುದರಿಂದ ಹಣ್ಣು ದೂರದ ಸಾಗಣೆಯನ್ನು ತಾಳದು. ಹೀಗಾಗಿ ಹಲವು ದಶಕಗಳ ಕಾಲ ಇದು ಕ್ಯಾಲಿಫೋರ್ನಿಯಾದ ಮನೆಗಳ ಹಿತ್ತಿಲಿನಲ್ಲಿಯೇ ಉಳಿಯಿತು. ಬರ್ಕ್ಲಿ ನಗರದಲ್ಲಿ ಆಲಿಸ್ ವಾಟರ್ಸ್ 1971ರಲ್ಲಿ ಆರಂಭಿಸಿದ 'ಶೇ ಪನೀಸ್' ಭೋಜನಾಲಯವೂ ಅಂಥ ಇತರ ಅಡುಗೆಮನೆಗಳೂ ಈ ಹಿತ್ತಿಲ ಹಣ್ಣನ್ನು ಬಳಕೆಗೆ ತಂದ ಮೇಲೆ ಅದಕ್ಕೊಂದು ಹೆಸರು ಬಂದಿತು. ಸಾಗಣೆಯಲ್ಲಿ ದೋಷವೆನಿಸಿದ್ದೇ ಅಡುಗೆಯಲ್ಲಿ ಗುಣವಾಯಿತು. ಸಿಪ್ಪೆಯೊಳಗಿನ ಕಹಿಯಾದ ಬಿಳಿ ಪದರ ತೆಳುವಾದುದರಿಂದ ಹಣ್ಣನ್ನು ಇಡಿಯಾಗಿ ಹೆಚ್ಚಿ ಮಾರ್ಮಲೇಡ್ ತಯಾರಿಸಬಹುದು; ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಒಣಗಿಸಬಹುದು; ಹೆರೆದ ಸಿಪ್ಪೆಯನ್ನು ಕೇಕು, ಐಸ್‌ಕ್ರೀಮುಗಳಿಗೆ ಬಳಸಬಹುದು. ರಸವು ಪಾನಕ ಹಾಗೂ ಶರಬತ್ತುಗಳಿಗೆ ಸಕ್ಕರೆ ಕಡಿಮೆ ಬೇಡುತ್ತದೆ.

ಲೆಕ್ಕದ ದೃಷ್ಟಿಯಿಂದ ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಬಹುದು. ತಯಾರಕರೊಬ್ಬರು ಕಿಲೋಗೆ ರೂ. 60ರಂತೆ 100 ಕಿಲೋ ಹಣ್ಣು ಕೊಂಡು, ಪೆಟ್ಟಿಗೆ ಮತ್ತು ಸಾಗಣೆಗೆ ರೂ. 900 ವೆಚ್ಚ ಮಾಡಿದರೆಂದು ಇಟ್ಟುಕೊಳ್ಳೋಣ. ಒಟ್ಟು ವೆಚ್ಚ ರೂ. 6,900. ದಾರಿಯಲ್ಲಿ 20 ಕಿಲೋ ಜಜ್ಜಿ ಕೆಟ್ಟರೆ ಉಳಿದ 80 ಕಿಲೋದ ನಿಜವಾದ ದರ ರೂ. 86.25 ಆಗುತ್ತದೆ, ಪುಸ್ತಕದಲ್ಲಿ ಮಾತ್ರ ರೂ. 60 ಎಂದೇ ಉಳಿದಿರುತ್ತದೆ! ಇಂಥ ಹಣ್ಣಿನಲ್ಲಿ ಪ್ರತಿ ಬಾರಿಯೂ ಇಷ್ಟು ಕೆಡುವುದು ಸಹಜವಾದರೆ ಅದು ಸಾಮಾನ್ಯ ನಷ್ಟ. ಉಳಿದ ಸರಕಿನ ವೆಚ್ಚಕ್ಕೆ ಸೇರಲೇಬೇಕು. ಅದನ್ನು ಮರೆತು ಬೆಲೆ ನಿಗದಿ ಮಾಡಿದ ಸಣ್ಣ ಘಟಕವು ಮಾರಾಟ ಹೆಚ್ಚಿದಷ್ಟೂ ಬಂಡವಾಳ ಕರಗಿಸಿಕೊಳ್ಳುತ್ತದೆ. ತೋಟದ ಮಗ್ಗುಲಲ್ಲೇ ಸಂಸ್ಕರಣೆ ಇದ್ದರೆ ಮಾತ್ರ ಮೇಯರ್ ನಿಂಬೆಯ ಲೆಕ್ಕ ಕೂಡಿಬರುತ್ತದೆ.

ಇದಕ್ಕಿಂತ ಗಂಭೀರವಾದ ವಿಷಯ ಆಮ್ಲೀಯತೆಯದು. ಸಾಮಾನ್ಯ ಲೆಮನ್ ರಸದಲ್ಲಿ ಸುಮಾರು ಶೇ. 5ರಿಂದ 6ರಷ್ಟು ಸಿಟ್ರಿಕ್ ಆಮ್ಲವಿರುತ್ತದೆ. ಮೇಯರ್ ನಿಂಬೆಯಲ್ಲಿ ಅದು ಗಮನಾರ್ಹವಾಗಿ ಕಡಿಮೆ. ಉಪ್ಪಿನಕಾಯಿ, ಚಟ್ನಿ, ತರಕಾರಿಯ ಸಂರಕ್ಷಿತ ಪದಾರ್ಥಗಳಲ್ಲಿ ನಿಂಬೆರಸವನ್ನು ರುಚಿಗಷ್ಟೇ ಅಲ್ಲ, ರಕ್ಷಣೆಗೂ ಹಾಕುತ್ತಾರೆ. ಗಾಳಿಯಾಡದಂತೆ ಮುಚ್ಚಿದ ಬಾಟಲಿಯ ಆಹಾರದಲ್ಲಿ ಪಿ.ಎಚ್. ಪ್ರಮಾಣವು 4.6ಕ್ಕಿಂತ ಮೇಲೇರಿದರೆ ಬಾಟುಲಿಸಂ ಎಂಬ ಮಾರಕ ವಿಷಕ್ಕೆ ಎಡೆಯಾಗಬಹುದು. ಆದ್ದರಿಂದ ಹುಳಿ ನಿಂಬೆಗೆಂದು ರೂಪಿಸಿದ ಪಾಕವಿಧಾನದಲ್ಲಿ ಅಷ್ಟೇ ಅಳತೆಯ ಮೇಯರ್ ರಸವನ್ನು ಸುರಿಯುವುದು ಅಪಾಯಕರ. ಪ್ರತಿ ತಂಡದ ಸರಕನ್ನೂ ಪಿ.ಎಚ್. ಮಾಪಕದಿಂದ ಪರೀಕ್ಷಿಸಿ, ಕೊರತೆಯನ್ನು ಸಿಟ್ರಿಕ್ ಆಮ್ಲದಿಂದ ತುಂಬಿಕೊಳ್ಳಬೇಕು.

ತೆರಿಗೆಯ ಮಾತು ಸರಳ. ತಾಜಾ ನಿಂಬೆಗೆ ಜಿ.ಎಸ್.ಟಿ. ಇಲ್ಲ. ಮಾರ್ಮಲೇಡ್, ಸಕ್ಕರೆಯಲ್ಲಿ ಸಂರಕ್ಷಿಸಿದ ಸಿಪ್ಪೆ ಹಾಗೂ ಹಣ್ಣಿನ ರಸಗಳ ಮೇಲಿನ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಆದರೆ ಬೇರೆ ನಿಂಬೆಯ ಮಾರ್ಮಲೇಡಿಗೆ 'ಮೇಯರ್' ಎಂಬ ಚೀಟಿ ಅಂಟಿಸುವ ಚಾತುರ್ಯ ದುಬಾರಿಯಾದೀತು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 52ನೆಯ ಕಲಮಿನಂತೆ ತಪ್ಪು ಹೆಸರಿನ ಆಹಾರಕ್ಕೆ 3 ಲಕ್ಷ ರೂಪಾಯಿಗಳವರೆಗೆ ದಂಡವಿದೆ.

ಇನ್ನು ಸಸಿಗಳ ವಿಚಾರ. 1940ರ ದಶಕದಲ್ಲಿ, ಮೇಯರ್ ಗಿಡಗಳು ಟ್ರಿಸ್ಟೆಜಾ ಎಂಬ ವೈರಸ್ ರೋಗವನ್ನು ತಮ್ಮಲ್ಲಿ ಲಕ್ಷಣ ತೋರಿಸದೆಯೇ ಹೊತ್ತಿರುವುದು ಪತ್ತೆಯಾಯಿತು. ಟ್ರಿಸ್ಟೆಜಾ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ದುಃಖ. ಬ್ರೆಜಿಲ್ಲಿನ ಕಿತ್ತಳೆ ತೋಟಗಳನ್ನು ನೆಲಕಚ್ಚಿಸಿದ ರೋಗಕ್ಕೆ ಆ ಹೆಸರು ತಕ್ಕದ್ದೇ. ಕಸಿಕಡ್ಡಿ ಮತ್ತು ಸಸ್ಯಹೇನುಗಳ ಮೂಲಕ ಇದು ಹರಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೇಯರ್ ಮರಗಳನ್ನು ದೊಡ್ಡ ಪ್ರಮಾಣದಲ್ಲಿ ಕಿತ್ತುಹಾಕಲಾಯಿತು. 1950ರ ದಶಕದಲ್ಲಿ ವೈರಸ್ಸಿಲ್ಲದ ಗಿಡವೊಂದು ದೊರೆತು, 1975ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಅದರ ಸಂತತಿಯನ್ನು 'ಸುಧಾರಿತ ಮೇಯರ್' ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು.

ಕೊಡಗಿನ ಕಿತ್ತಳೆ ತೋಟಗಳು ಕ್ಷೀಣಿಸಿದ ಕಾರಣಗಳಲ್ಲಿ ಟ್ರಿಸ್ಟೆಜಾ ಕೂಡ ಒಂದು ಎಂಬುದನ್ನು ಬಲ್ಲವರು, ವಿದೇಶದಿಂದ ಬರುವ ಬಂಧುಗಳ ಕೈಚೀಲದಲ್ಲಿ ನಾಲ್ಕು ಕಸಿಕಡ್ಡಿ ತರಿಸಿಕೊಳ್ಳುವ ಯೋಚನೆಯನ್ನು ಮಾಡಲಾರರು. 2003ರ ಸಸ್ಯ ಸಂಪರ್ಕನಿಷೇಧ ಆದೇಶದಂತೆ ಅಂಥ ಆಮದಿಗೆ ಮುಂಗಡ ಪರವಾನಗಿಯೂ ರಫ್ತು ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಕಡ್ಡಾಯ. ಸ್ಥಳೀಯ ನರ್ಸರಿಯಲ್ಲಿ ಕೊಳ್ಳುವವರು ತಾಯಿಗಿಡದ ವೈರಸ್ ಪರೀಕ್ಷೆಯ ದಾಖಲೆಯನ್ನು ಬಿಲ್ಲಿನ ಜೊತೆಯಲ್ಲಿಯೇ ಕೇಳಿ ಪಡೆದು, ಕಡತದಲ್ಲಿ ಇರಿಸತಕ್ಕದ್ದು.