ಮಗಳು ಆಟ ಬಿಟ್ಟಿದ್ದೇಕೆ?

“ಯವ್ವಾ, ಇನ್ಮ್ಯಾಲೆ ನಾ ಆಡಾಕ ಹೋಗಲ್ಲ” ಎಂದಳು ಎಂಟನೇ ತರಗತಿಯ ಮಗಳು. ಖೋ-ಖೋ ಎಂದರೆ ಊಟ ಬಿಟ್ಟು ಓಡುತ್ತಿದ್ದವಳು! ಆಸಕ್ತಿ ಹೋಯಿತೇನೋ ಎಂದು ಸುಮ್ಮನಾದೆ. ಮನೆಗೆಲಸಕ್ಕೊಂದು ಕೈ ಸಿಕ್ಕಿತೆಂಬ ಆಸೆಯೂ ಇತ್ತೆನ್ನಿ.

ಮೆಲ್ಲಗೆ ಕೇಳಿದಾಗ ಒಂದೊಂದೇ ಹೊರಬಿತ್ತು. ಓಡಿದರೆ ತಲೆಸುತ್ತು. ಮುಟ್ಟಾದಾಗ ಬಟ್ಟೆಗೆ ಕಲೆಯಾದೀತೆಂಬ ಭಯ. ಆಟದ ಹೊತ್ತಿಗೇ ನಲ್ಲಿ ನೀರು. ಕೊಡ ಹಿಡಿಯಲು ಅವಳೇ ಬೇಕು, ಅವಳ ಅಣ್ಣನನ್ನು ನಾನೆಂದೂ ಕರೆದವಳಲ್ಲ. ಮೇಲೆ ನಮ್ಮತ್ತೆಯವರ ಮಾತು: “ದೊಡ್ಡಾಕಿ ಆದ ಮ್ಯಾಲೆ ಬಯಲಾಗ ಕುಣಿಯೋದೇನು?”

ಸೋದರಿಯರೇ, ಹೊಳೆದಂಡೆಯ ನಮ್ಮ ಹಲವಾಗಲಿನಲ್ಲಿ ಬಯಲಿಗೇನು ಬರವೇ? ಖೋ-ಖೋಗೆ ಎರಡು ಕಂಬ ನೆಟ್ಟರಾಯಿತು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ, ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯವರೇ. ಅವರ ಮನೆಯಲ್ಲಿ ಸಂಜೆ ನೀರು ಹಿಡಿದವರು ಯಾರೋ!

ತಲೆಸುತ್ತಿಗೆ ರಕ್ತ ಪರೀಕ್ಷೆ ಮಾಡಿಸಿದರೆ ರಕ್ತ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಊಟದ ಹಿಂದೆಯೇ ಚಹಾ ಕುಡಿಯುವುದನ್ನು ನಿಲ್ಲಿಸಿದೆ. ಅದು ಕಬ್ಬಿಣಾಂಶ ಮೈಗೆ ಹತ್ತಗೊಡುವುದಿಲ್ಲ. ರೊಟ್ಟಿ ಜತೆ ನುಗ್ಗೆಸೊಪ್ಪಿನ ಪಲ್ಯ, ಮೇಲೊಂದಿಷ್ಟು ನಿಂಬೆರಸ.

ಕಪ್ಪು ಬಟ್ಟೆ ತಂದು ಆಟಕ್ಕೆಂದೇ ಎರಡು ಪ್ಯಾಂಟು ಹೊಲಿದೆ. ನೀರಿಗೆ ಈಗ ಮಗ ಹೋಗುತ್ತಾನೆ, ಗೊಣಗುತ್ತಲೇ. ಅತ್ತೆಯವರೂ ಗೊಣಗುತ್ತಾರೆ. ಮುಟ್ಟಿನ ದಿನಗಳಲ್ಲಿ ಆಡುವುದೋ ಬಿಡುವುದೋ, ಅದನ್ನು ಮಗಳಿಗೇ ಬಿಟ್ಟಿದ್ದೇನೆ.